ಹೊಗೆಯ ಅಕ್ಷರಮಾಲೆ ಕೇಳಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಕೇಳಿದ್ದು ಮಾತ್ರ ಅದೇ. ಆದ್ದರಿಂದ ಹೆಚ್ಚಿನ ಜಾಗ ಅದಕ್ಕೇ ಕೊಟ್ಟಿದ್ದೇನೆ. ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ‘ಹಿಂದಿನ ಕಾಲದ ಸಂಪರ್ಕ ಸಾಧನಗಳು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಂದು ಉಂಡೆ ಹೊಗೆ ಅಂದರೆ ‘ಗಮನಿಸಿ’, ಎರಡು ಅಂದರೆ ‘ಎಲ್ಲ ಕ್ಷೇಮ’, ಮೂರು ಅಂದರೆ ‘ಅಪಾಯ’ ಎಂಬ ಪಟ್ಟಿ ಸಿಕ್ಕಿದೆ. ಇದು ರೆಡ್ ಇಂಡಿಯನ್ನರ ಭಾಷೆಯಂತೆ. ಪೂರ್ತಿ ಅಕ್ಷರಮಾಲೆಯ ಚಾರ್ಟ್ ಎಲ್ಲಿ ಸಿಗುತ್ತದೆ?

ಎಲ್ಲೂ ಸಿಗುವುದಿಲ್ಲ, ಏಕೆಂದರೆ ಅಂಥದ್ದೊಂದು ಇರಲೇ ಇಲ್ಲ. ಸಿಕ್ಕಿರುವ ಆ ಮೂರು ಸಾಲನ್ನೂ ದಯವಿಟ್ಟು ಚಾರ್ಟಿಗೆ ಅಂಟಿಸಬೇಡಿ. ಉತ್ತರ ಅಮೆರಿಕದ ಮೂಲನಿವಾಸಿಗಳು ಒಂದೇ ಜನ ಅಲ್ಲ. ಅಲ್ಲಿ ನೂರಾರು ಸಮುದಾಯ, ನೂರಾರು ಭಾಷೆ. ಅಪಾಚೆಗಳು ಹೊಗೆ ಎಬ್ಬಿಸುತ್ತಿದ್ದರು, ಹುಲ್ಲುಗಾವಲಿನ ಬೇರೆ ಜನರೂ ಎಬ್ಬಿಸುತ್ತಿದ್ದರು. ಆದರೆ ಯಾವ ಹೊಗೆಗೆ ಏನು ಅರ್ಥ ಅನ್ನುವುದನ್ನು ತಮ್ಮತಮ್ಮಲ್ಲೇ ಮಾತಾಡಿಕೊಂಡಿರುತ್ತಿದ್ದರು. ಹೊಗೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಶತ್ರುವಿನ ಕಣ್ಣಿಗೂ. ಊರಿಗೆಲ್ಲ ಗೊತ್ತಿರುವ ಪಟ್ಟಿಯನ್ನು ನಂಬಿಕೊಂಡು ಯಾರಾದರೂ ಯುದ್ಧಕ್ಕೆ ಹೊರಡುತ್ತಾರಾ? ಆ ಪಟ್ಟಿಗೆ ಗರಿ ಸಿಕ್ಕಿಸಿದ ತಲೆಯ ಚಿತ್ರ ಹಾಕಿ, ಬೇಸಿಗೆ ಶಿಬಿರಗಳಲ್ಲಿ ದುಡ್ಡು ಇಸಿದುಕೊಂಡು ಮಕ್ಕಳಿಗೆ ಕಲಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಉಂಡೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಕೊಯ್ಲು ಮುಗಿದ ಗದ್ದೆಯಲ್ಲಿ ಕೊಡಗಟ್ಟಲೆ ನೀರು ಪಕ್ಕದಲ್ಲಿಟ್ಟುಕೊಂಡು ನಾನೇ ಮಾಡಿ ನೋಡಿದ್ದೇನೆ. ಒಣ ತೆಂಗಿನ ಗರಿ ಹೊತ್ತಿಸಿ, ಮೇಲೆ ಹಸಿ ಸೊಪ್ಪು ಹಾಕಿ, ಒದ್ದೆ ಗೋಣಿಚೀಲದಿಂದ ಮುಚ್ಚಿ ತೆಗೆದೆ. ಮೊದಲ ಉಂಡೆ ಚೆನ್ನಾಗಿಯೇ ಎದ್ದಿತು. ಎರಡನೆಯದು ಏಳುವಷ್ಟರಲ್ಲಿ ಗಾಳಿ ಎರಡನ್ನೂ ಸೇರಿಸಿ ಪಕ್ಕದ ತೋಟಕ್ಕೆ ತಳ್ಳಿತ್ತು. ಹೀಗೆ ಒಂದೊಂದೇ ಅಕ್ಷರ ಬರೆಯುತ್ತಾ ಕೂತರೆ ಸಂಜೆಯೊಳಗೆ ಒಂದು ಸಾಲೂ ಮುಗಿಯುವುದಿಲ್ಲ.

ಹೊಗೆ ತಾನಾಗಿ ಹೇಳುವುದು ಒಂದೇ ಮಾತು: ಅಲ್ಲಿ ಬೆಂಕಿ ಇದೆ. ನಮ್ಮ ತರ್ಕಶಾಸ್ತ್ರದಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆಯೂ ಅದೇ ಅಲ್ವಾ, ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಿಸಬೇಕಾದರೂ, ಎಬ್ಬಿಸುವವರು ಮತ್ತು ನೋಡುವವರು ಮೊದಲೇ ಕೂತು ಒಪ್ಪಿಕೊಂಡಿರಬೇಕು. ಹೊಗೆಯ ಇತಿಹಾಸ ಅಂದರೆ ನಿಜವಾಗಿ ಈ ಒಪ್ಪಂದಗಳ ಇತಿಹಾಸ.

ಅಂಥ ಒಂದು ಒಪ್ಪಂದ ಪದಪದವಾಗಿ ನಮ್ಮ ಕೈಗೆ ಸಿಕ್ಕಿದೆ. 1974ರಲ್ಲಿ ಚೀನಾದ ವಾಯವ್ಯ ಭಾಗದ ಜುಯಾನ್‌ನಲ್ಲಿ, ಹಾನ್ ಅರಸರ ಕಾಲದ ಗಡಿ ಠಾಣ್ಯವೊಂದರ ಅವಶೇಷದಲ್ಲಿ 17 ಮರದ ಪಟ್ಟಿಗಳು ಸಿಕ್ಕವು. ಸುಮಾರು 2000 ವರ್ಷ ಮರಳುಗಾಡಿನ ಒಣ ಹವೆ ಅವನ್ನು ಕಾಪಾಡಿತ್ತು. ಅವುಗಳಲ್ಲಿರುವುದು ಗಡಿಯಲ್ಲಿ ಸಂಕೇತ ಕೊಡುವ ನಿಯಮ. ಉತ್ತರದ ಅಲೆಮಾರಿ ವೈರಿಗಳಾದ ಷಿಯೊಂಗ್ನು ಸವಾರರು ಹಗಲು ಇಂಥ ಕಡೆಯಿಂದ ಒಳಗೆ ಬಂದರೆ ಎರಡು ‘ಫೆಂಗ್’ ಏರಿಸಬೇಕು, ಒಂದು ಸೌದೆ ಒಟ್ಟಿಲಿಗೆ ಬೆಂಕಿ ಇಡಬೇಕು. ಫೆಂಗ್ ಅಂದರೆ ಕಂಬಕ್ಕೆ ಎಳೆದು ಕಟ್ಟುವ ಗುರುತು. ರಾತ್ರಿ ಬಂದರೆ ಒಟ್ಟಿಲು ಸುಡುವುದರ ಜೊತೆಗೆ ಗೋಪುರದ ಮೇಲೆ ಪಂಜು ಆಡಿಸಬೇಕು, ಬೆಳಗಾಗುವ ತನಕ ನಿಲ್ಲಿಸಬಾರದು. ವೈರಿ ಯಾವ ಕಡೆಯಿಂದ ಬಂದ ಎನ್ನುವುದರ ಮೇಲೆ ಸಂಕೇತವೂ ಬದಲಾಗುತ್ತದೆ. ಗಮನಿಸಿ, ಹೊಗೆ ಇಲ್ಲಿ ಒಂಟಿಯಾಗಿಲ್ಲ. ಬಾವುಟ, ಕಂಬದ ಗುರುತು, ಪಂಜು, ಸೌದೆ ಒಟ್ಟಿಲು, ಇವುಗಳ ನಡುವೆ ಅದೂ ಒಂದು.

ಇನ್ನೂ ಮುಖ್ಯವಾದದ್ದು, ಕೆಲಸ ಕೆಟ್ಟಾಗ ಏನು ಮಾಡಬೇಕು ಎನ್ನುವುದನ್ನೂ ಬರೆದಿಟ್ಟಿದ್ದಾರೆ. ಜೋರು ಗಾಳಿ, ಮಳೆ ಇದ್ದು ಸಂಕೇತ ಕೊಡಲು ಆಗದಿದ್ದರೆ? ಕೂಡಲೇ ಓಲೆ ಬರೆದು ಕಳಿಸಿ, ಮನುಷ್ಯರು ಓಡಲಿ, ಕುದುರೆ ದೌಡಾಯಿಸಲಿ. ತಪ್ಪಾಗಿ ಸಂಕೇತ ಕೊಟ್ಟುಬಿಟ್ಟರೆ? ತಕ್ಷಣ ಗುರುತು ಇಳಿಸಿ, ಬೆಂಕಿ ಆರಿಸಿ, ಮೇಲಿನವರಿಗೆ ಓಲೆ ಓಡಿಸಿ. ವೈರಿ ಠಾಣ್ಯವನ್ನೇ ಸುತ್ತುವರಿದು, ಒಳಗಿನವರಿಗೆ ಕೆಳಗಿಳಿದು ಸೌದೆ ಹೊತ್ತಿಸಲು ಆಗದಿದ್ದರೆ? ಪಕ್ಕದ ಠಾಣ್ಯದವರು ಅವರ ಪರವಾಗಿ ಗುರುತು ಏರಿಸಿ, ಒಟ್ಟಿಲು ಸುಟ್ಟು, ಸುದ್ದಿಯನ್ನು ಮುಂದಕ್ಕೆ ದಾಟಿಸಬೇಕು. ಎಷ್ಟು ಸಲ ಓದಿದರೂ ನಾನು ಈ ಸಾಲಿಗೆ ಬಂದು ನಿಲ್ಲುತ್ತೇನೆ. ಬೆರಳೆಣಿಕೆಯ ಸೈನಿಕರು, ಸುತ್ತಲೂ ಮರಳು, ಕೆಳಗೆ ವೈರಿ. ಅವರ ಕೈ ಕಟ್ಟಿಹೋದರೂ ಸುದ್ದಿ ನಿಲ್ಲಬಾರದು ಎಂದು ಯಾರೋ ಮೊದಲೇ ಯೋಚಿಸಿದ್ದರು. ಆ ಸೈನಿಕರು ಗಡಿಯುದ್ದಕ್ಕೂ ಮರಳನ್ನು ನುಣ್ಣಗೆ ಬಾಚಿಡುತ್ತಿದ್ದರು. ರಾತ್ರಿ ಯಾರಾದರೂ ದಾಟಿದ್ದರೆ ಬೆಳಿಗ್ಗೆ ಹೆಜ್ಜೆ ಮೂಡಿರುತ್ತಿತ್ತು. ನಿಮ್ಮ ಮಗಳಿಗೆ ಇದನ್ನೆಲ್ಲ ಹೇಳಿ. ಉಂಡೆ ಎಣಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮುಂದೆ ಚೀನಾದಲ್ಲೇ ಮಿಂಗ್ ಅರಸರ ಕಾಲಕ್ಕೆ ಹೊಗೆಯ ಜೊತೆ ತೋಪಿನ, ಅಂದರೆ ಫಿರಂಗಿಯ, ಸದ್ದೂ ಬಂತು. 1466ರ ನಿಯಮ ಹೀಗಿದೆ: ವೈರಿಗಳು ನೂರರ ಆಸುಪಾಸು ಇದ್ದರೆ ಒಂದು ಹೊಗೆ, ಒಂದು ತೋಪು. 500 ಮಂದಿಗೆ ಎರಡೆರಡು. ಸಾವಿರ ದಾಟಿದರೆ ಮೂರು, 5000 ದಾಟಿದರೆ ನಾಲ್ಕು, 10,000 ದಾಟಿದರೆ ಐದು. ಲೆಕ್ಕ ಹಾಕಿ ನೋಡಿ, ಅಷ್ಟು ದೊಡ್ಡ ಸಾಮ್ರಾಜ್ಯದ ಈ ನಿಯಮದಲ್ಲಿ ಇದ್ದದ್ದು ಐದೇ ‘ಮಾತು’. ಅಷ್ಟು ಸಾಕಿತ್ತು.

ಹಾಗಾದರೆ ಅಕ್ಷರ ಕಳಿಸಲು ಯಾರೂ ಯತ್ನಿಸಲೇ ಇಲ್ಲವೇ? ಯತ್ನಿಸಿದರು, ಆದರೆ ಹೊಗೆಯಲ್ಲಿ ಅಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನ ತಕರಾರು ಸರಿಯಾಗಿಯೇ ಇತ್ತು. ಮೊದಲೇ ಒಪ್ಪಿಕೊಂಡ ಸುದ್ದಿಯನ್ನಷ್ಟೇ ಬೆಂಕಿ ಹೇಳುತ್ತದೆ, ಯಾರೂ ಊಹಿಸದ ದಂಗೆಯೋ ದ್ರೋಹವೋ ನಡೆದರೆ ಏನು ಮಾಡೋದು? ಅದಕ್ಕೆ ಅವನು ವಿವರಿಸುವ ಉಪಾಯ ಇದು: 24 ಗ್ರೀಕ್ ಅಕ್ಷರಗಳನ್ನು ಐದು ಹಲಗೆಗಳಲ್ಲಿ ಹಂಚಿ ಬರೆಯುವುದು. ಎಡಗಡೆ ಎತ್ತಿದ ಪಂಜುಗಳ ಲೆಕ್ಕ ಹಲಗೆ ಯಾವುದು ಎನ್ನುತ್ತದೆ, ಬಲಗಡೆಯದು ಆ ಹಲಗೆಯ ಎಷ್ಟನೇ ಅಕ್ಷರ ಎನ್ನುತ್ತದೆ. ಪಂಜನ್ನು ಎತ್ತಬಹುದು, ಇಳಿಸಬಹುದು, ಗೋಡೆಯ ಹಿಂದೆ ಮರೆಮಾಡಬಹುದು. ಹೊಗೆ ಹಾಗೆ ಮಾತು ಕೇಳುವುದಿಲ್ಲ.

ಪ್ರಾಜೆಕ್ಟಿಗೆ ಬೆಂಕಿ ಬೇಡವೇ ಬೇಡ. ಎರಡು ಬಣ್ಣದ ಬಟ್ಟೆ, ಒಂದು ಕೋಲು ಸಾಕು. ಮಗಳು ಮತ್ತು ಅವಳ ಗೆಳತಿ ಕೂತು ಆರು ನಿಯಮ ಬರೆಯಲಿ. ‘ಬಟ್ಟೆ ಕಾಣದಿದ್ದರೆ ಏನು ಮಾಡಬೇಕು’ ಎನ್ನುವ ನಿಯಮ ಆ ಆರರಲ್ಲಿ ಇರಲೇಬೇಕು.

ಪ್ರಶ್ನೆ: ಚೀನಾದಲ್ಲಿ ತೋಳದ ಹಿಕ್ಕೆ ಸುಡುತ್ತಿದ್ದರಂತೆ, ಆ ಹೊಗೆ ಗಾಳಿಗೂ ಬಾಗದೆ ನೆಟ್ಟಗೆ ಏರುತ್ತಿತ್ತಂತೆ. ನಿಜವೇ?

ಅಲ್ಲ. ಚೀನೀ ಭಾಷೆಯಲ್ಲಿ ಅದಕ್ಕೆ ‘ತೋಳದ ಹೊಗೆ’ ಎಂಬ ಹೆಸರಿದೆ, ಕಥೆ ಹುಟ್ಟಿದ್ದು ಅಲ್ಲಿಂದ. ವಾಯವ್ಯ ಚೀನಾದ ಡುನ್‌ಹುವಾಂಗ್ ಹತ್ತಿರದ ಹಳೆಯ ಕಾವಲು ಗೋಪುರಗಳ ಪಕ್ಕದಲ್ಲಿ ಇವತ್ತಿಗೂ ಉಳಿದಿರುವುದು ಜೊಂಡು ಮತ್ತು ಕುರುಚಲು ಕಡ್ಡಿಗಳ ಒಟ್ಟಿಲು.

ಪ್ರಶ್ನೆ: ರಾಣಿಯನ್ನು ನಗಿಸಲು ರಾಜನೊಬ್ಬ ಸುಮ್ನೆ ಸುಮ್ನೆ ಬೆಂಕಿ ಹಚ್ಚಿಸಿ, ಕೊನೆಗೆ ನಿಜವಾಗಿ ವೈರಿ ಬಂದಾಗ ಯಾರೂ ಬರಲಿಲ್ಲವಂತೆ?

ಚೀನಾದ ಝೌ ವಂಶದ ಯೂ ಎಂಬ ರಾಜನ ಕಥೆ ಅದು. ಅವನು ಕ್ರಿಸ್ತಪೂರ್ವ 771ರಲ್ಲಿ ಸತ್ತದ್ದು ನಿಜ. ಬೆಂಕಿಯ ಭಾಗ ಮಾತ್ರ ನಮ್ಮ ‘ಹುಲಿ ಬಂತು ಹುಲಿ’ ಕಥೆಯ ಹಾಗೆ, ಆಮೇಲೆ ಸೇರಿದ್ದು. 2008ರಲ್ಲಿ ಬೀಜಿಂಗ್‌ನ ಛಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಬಂದ ಹಳೆಯ ಬಿದಿರು ಪಟ್ಟಿಗಳಲ್ಲಿ ಅವನ ಸೋಲಿನ ವಿವರ ಇದೆ, ಬೆಂಕಿಯ ಸುದ್ದಿಯೇ ಇಲ್ಲ.

ಪ್ರಶ್ನೆ: ಹೊಸ ಪೋಪ್ ಆಯ್ಕೆಯಾದಾಗ ಹೊಗೆ ತಾನಾಗಿ ಬೆಳ್ಳಗಾಗುತ್ತದೆಯೇ?

ತಾನಾಗಿ ಏನೂ ಆಗುವುದಿಲ್ಲ, ಮನುಷ್ಯರೇ ಮಾಡುತ್ತಾರೆ. ಬಿಳಿ ಅಂದರೆ ಆಯ್ಕೆಯಾಯಿತು ಎಂಬ ಪದ್ಧತಿ 1914ರಿಂದ ಈಚಿನದು. 1958ರಲ್ಲಿ ಬಣ್ಣ ಸರಿಯಾಗಿ ತಿಳಿಯದೆ ಜನ ಗೊಂದಲಕ್ಕೆ ಬಿದ್ದರು. ಈಗ ಬಣ್ಣಕ್ಕೆ ರಾಸಾಯನಿಕ ಬಳಸುತ್ತಾರೆ. ಅನುಮಾನ ಉಳಿಯದಿರಲಿ ಎಂದು 2005ರಿಂದ ಗಂಟೆಯನ್ನೂ ಬಾರಿಸುತ್ತಾರೆ. 2025ರ ಮೇ 8ರಂದೂ ಹಾಗೇ ಆಯಿತು.

ಪ್ರಶ್ನೆ: ಮನೆಯಲ್ಲೇ ಬಣ್ಣದ ಹೊಗೆ ಮಾಡುವ ವಿಡಿಯೊ ನೋಡಿದೆ. ಮಾಡಬಹುದೇ?

ಬೇಡ. ಆ ವಿಡಿಯೊ ಮಾಡಿದವರು ನಿಮ್ಮ ಸುಟ್ಟ ಕೈಗೆ ಮುಲಾಮು ಹಚ್ಚಲು ಬರುವುದಿಲ್ಲ.

ಪ್ರಶ್ನೆ: ಚಾರಣಕ್ಕೆ ಹೋಗಿ ಪಶ್ಚಿಮ ಘಟ್ಟದಲ್ಲಿ ದಾರಿ ತಪ್ಪಿದರೆ ಹೊಗೆ ಎಬ್ಬಿಸಿ ಸಹಾಯ ಕೇಳಬಹುದಲ್ಲವೇ? ಒಬ್ಬರು ‘ಸರ್ವೈವಲ್ ಗುರು’ ಹಾಗೆ ಕಲಿಸುತ್ತಾರೆ.

ಆ ಗುರುಗಳ ಹತ್ತಿರ ಇನ್ನು ಹೋಗಬೇಡಿ. ಸಮುದ್ರದ ಲೈಫ್‌ಬೋಟ್‌ಗಳಲ್ಲಿ ಕಿತ್ತಳೆ ಬಣ್ಣದ ಹೊಗೆಯ ಡಬ್ಬಿ ಇಟ್ಟಿರುತ್ತಾರೆ, ಸರಿ. ಅಲ್ಲಿ ಸುತ್ತಲೂ ನೀರು. ಇಲ್ಲಿ ಬೇಸಿಗೆಯಲ್ಲಿ ಸುತ್ತಲೂ ಆಳೆತ್ತರದ ಒಣಹುಲ್ಲು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದು ಮರೆತುಹೋಯಿತೇ? ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೆಂಕಿ ಹರಡದಂತೆ ಬೆಂಕಿ ರೇಖೆ ಮಾಡಿ ಬೇಸಿಗೆಯಿಡೀ ಕಾಡು ಕಾಯುವ ಸಿಬ್ಬಂದಿಗೆ ನಿಮ್ಮ ಹೊಗೆ ಕಂಡರೆ, ಅವರು ಬೆಂಕಿ ಆರಿಸಲು ಓಡುತ್ತಾರೆ. ನೀವು ದಾರಿ ತಪ್ಪಿದ್ದೀರಿ ಎಂದು ಅವರಿಗೆ ಹೇಗೆ ತಿಳಿಯಬೇಕು? ಮಳೆಗಾಲದಲ್ಲಾದರೆ ಮಂಜಿನ ನಡುವೆ ಹೊಗೆ ಕಾಣುವುದೂ ಇಲ್ಲ.

ಒಂದು ಸೀಟಿ ಇಟ್ಟುಕೊಳ್ಳಿ. ದಾರಿ ತಪ್ಪಿತು ಅನಿಸಿದ ಕೂಡಲೇ ಇದ್ದಲ್ಲೇ ನಿಲ್ಲಿ, ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ ಊದಿ. ಸಿಗ್ನಲ್ ಸಿಕ್ಕರೆ 112ಕ್ಕೆ ಕರೆ ಮಾಡಿ. ಎಲ್ಲಕ್ಕಿಂತ ಮೊದಲು, ಹೊರಡುವ ಮುನ್ನ ಮನೆಯಲ್ಲಿ ಒಂದು ಚೀಟಿ ಬರೆದಿಡಿ: ಯಾವ ದಾರಿ, ಜೊತೆಗೆ ಯಾರು, ಎಷ್ಟು ಹೊತ್ತಿಗೆ ವಾಪಸ್, ಅಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು. ಆಗ ನಿಮ್ಮ ಫೋನ್ ಸತ್ತುಹೋದರೂ ಮನೆಯವರಿಗೆ ಸುದ್ದಿ ಮುಟ್ಟುತ್ತದೆ.