1918ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ನಡೆದ ರೈಲು ಡಿಕ್ಕಿಗೆ ಯಾರು ಕಾರಣ?

ಸುಲಭದ ಉತ್ತರ: ಹೊರಟ ರೈಲಿನ ಸಿಬ್ಬಂದಿ. ಜುಲೈ 9ರ ಬೆಳಿಗ್ಗೆ ನ್ಯಾಶ್‌ವಿಲ್‌ನಿಂದ ಹೊರಟ 4ನೇ ನಂಬರಿನ ರೈಲು, ಮೆಂಫಿಸ್ ಕಡೆಯಿಂದ ಬರುವ 1ನೇ ನಂಬರಿನ ರೈಲು ದಾಟಿಹೋದ ಮೇಲೆಯೇ ರೈಲ್ವೆ ಕಾರ್ಯಾಗಾರದ ಬಳಿ ಜೋಡಿ ಹಳಿ ಬಿಟ್ಟು ಒಂಟಿ ಹಳಿಗೆ ಇಳಿಯಬೇಕಿತ್ತು. ಖಾಲಿ ಬೋಗಿಗಳನ್ನು ಎಳೆದುಕೊಂಡು ಹೋದ ಶಂಟಿಂಗ್ ಎಂಜಿನ್ನನ್ನೇ 1ನೇ ನಂಬರು ಎಂದುಕೊಂಡರು. ಸಿಗ್ನಲ್ ಗೋಪುರದವನಿಗೆ ತಪ್ಪು ಹೊಳೆದು ತುರ್ತು ಸೀಟಿ ಊದಿಸಿದಾಗ ರೈಲು ಮುಂದೆ ಸಾಗಿಯಾಗಿತ್ತು, ಯಾರಿಗೂ ಕೇಳಿಸಲಿಲ್ಲ. ಡಚ್‌ಮನ್ಸ್ ತಿರುವಿನಲ್ಲಿ ಮುಖಾಮುಖಿ ಡಿಕ್ಕಿ, ಹಳಿ ತಪ್ಪಿದ ಬೋಗಿಗಳು, ಸುಮಾರು 100 ಸಾವು.

ಆದರೆ ಸಾವಿನ ಲೆಕ್ಕಕ್ಕೆ ಇನ್ನೊಂದು ಕಾರಣವಿದೆ. ವರ್ಣಭೇದದ ನಿಯಮದಂತೆ ಕಪ್ಪು ಜನರನ್ನು ಎಂಜಿನ್ನಿಗೆ ಹತ್ತಿರದ ಮರದ ಬೋಗಿಗಳಲ್ಲಿ ಕೂರಿಸಿದ್ದರು. ಸಿಡಿಮದ್ದಿನ ಕಾರ್ಖಾನೆಯ ಕೆಲಸಕ್ಕೆ ಬರುತ್ತಿದ್ದವರೂ ಅವರಲ್ಲಿದ್ದರು. ಪುಡಿಯಾದದ್ದು ಆ ಬೋಗಿಗಳೇ.