ಯೂರಿನ್ ರಿಪೋರ್ಟ್‌ನಲ್ಲಿ ಹರಳು ಬಂದಿದೆ, ಹಾಲು ಮೊಸರು ಬಿಟ್ಟರೆ ಸರಿಹೋಗುತ್ತಾ?

ಬಿಡಬೇಡಿ. ನೋವಿಲ್ಲ, ಉರಿಯಿಲ್ಲ, ಆದರೆ ರಿಪೋರ್ಟ್‌ನಲ್ಲಿ ‘ಕ್ಯಾಲ್ಸಿಯಂ ಆಕ್ಸಲೇಟ್ ಕ್ರಿಸ್ಟಲ್ಸ್’ ಎಂದು ಬಂದಿದೆ ಅಂದಿದ್ದೀರಿ. ನನಗೂ ಹೀಗೇ ಶುರುವಾಗಿತ್ತು. ಆಮೇಲೆ ನೀವು ಈಗ ಯೋಚಿಸುತ್ತಿರುವುದನ್ನೇ ನಾನು ಮಾಡಿಬಿಟ್ಟೆ.

ನಾನು ರಾಯಚೂರು ಜಿಲ್ಲೆಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆಗ ನಾನಿದ್ದ ಶಾಲೆಯಲ್ಲಿ ಟೀಚರುಗಳಿಗೆ ಸರಿಯಾದ ಶೌಚಾಲಯ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಚಹಾ ಕುಡಿದು ಮನೆ ಬಿಟ್ಟರೆ ಸಂಜೆ ವಾಪಸ್ ಬರುವ ತನಕ ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದಲ್ಲ, ಎಲ್ಲಿಗೆ ಹೋಗುವುದು? ಜೊತೆಯ ಟೀಚರುಗಳದ್ದೂ ಅದೇ ಪಾಡು. ಇನ್ಶೂರೆನ್ಸ್‌ಗೆಂದು ಮಾಡಿಸಿದ ಟೆಸ್ಟಿನಲ್ಲಿ ಹರಳು ಕಾಣಿಸಿತು.

ಕ್ಯಾಲ್ಸಿಯಂ ಎಂಬ ಹೆಸರು ಓದಿದ್ದೇ ತಡ, ಹಾಲು ಬಿಟ್ಟೆ. ಮೊಸರು, ಮಜ್ಜಿಗೆ ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕ್ಯಾಲ್ಸಿಯಂ ಜಾಸ್ತಿಯಾಗಿ ಹರಳಾಗಿದೆ, ಕಡಿಮೆ ಮಾಡಿದರೆ ಹೋಗುತ್ತದೆ, ಇದರಲ್ಲಿ ಕೇಳುವುದೇನಿದೆ ಅನ್ನಿಸಿತ್ತು. ಇಲ್ಲೇ ನಾನು ತಪ್ಪಿದ್ದು, ಇದನ್ನೇ ನಿಮಗೆ ಸ್ವಲ್ಪ ಉದ್ದವಾಗಿ ಹೇಳಬೇಕು.

ನಮ್ಮ ಊಟ ಅಂದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಜೊತೆಗೆ ಯಾವುದಾದರೊಂದು ಸೊಪ್ಪಿನ ಪಲ್ಯ. ಶೇಂಗಾದಲ್ಲಿ ಆಕ್ಸಲೇಟ್ ಇದೆ, ಅಂದರೆ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುವ ಅಂಶ. ಪಾಲಕ್‌ನಲ್ಲಂತೂ ತುಂಬಾ ಇದೆ. ಚಹಾದಲ್ಲೂ ಇದೆ. ಇವುಗಳ ಜೊತೆ ಮೊಸರು ತಿಂದಾಗ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಎರಡೂ ಸೇರಿ ಮಲದಲ್ಲಿ ಹೊರಗೆ ಹೋಗುತ್ತವೆ. ಮೊಸರು ತೆಗೆದರೆ ಹಿಡಿಯುವವರಿಲ್ಲ. ಆಕ್ಸಲೇಟ್ ನೇರವಾಗಿ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ನಾನು ಮೊಸರು ತೆಗೆದು ಶೇಂಗಾ ಹಿಂಡಿಯನ್ನು ಹಾಗೇ ಉಳಿಸಿಕೊಂಡೆ. ಹಾಲು ಬಿಟ್ಟೆನೆಂದು ಚಹಾವನ್ನೂ ಬರೀ ಡಿಕಾಕ್ಷನ್ ಮಾಡಿ ಕುಡಿದೆ. ಅಂದರೆ ಹರಳಿಗೆ ಬೇಕಾದ್ದನ್ನು ಕೊಟ್ಟು, ಅದನ್ನು ತಡೆಯುವುದನ್ನೇ ನಿಲ್ಲಿಸಿದೆ. ನೀರು ಮಾತ್ರ ಮೊದಲಿನಷ್ಟೇ.

ಒಂದು ರಾತ್ರಿ ಬಲಗಡೆ ಸೊಂಟದಿಂದ ತೊಡೆಸಂದಿಯವರೆಗೆ ನೋವು ಶುರುವಾಯಿತು. ಕೂತರೂ ನಿಂತರೂ ಕಡಿಮೆಯಾಗಲಿಲ್ಲ, ವಾಂತಿಯೂ ಆಯಿತು. ಹರಳು ಬೆಳೆದು ಕಲ್ಲಾಗಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಿತ್ತು. ಲೇಸರ್‌ನಲ್ಲಿ ಒಡೆದು ತೆಗೆದರು, ಸ್ಟೆಂಟ್ ಹಾಕಿದರು, ಅಂದರೆ ಮೂತ್ರ ಸರಾಗವಾಗಿ ಇಳಿಯಲೆಂದು ಮೂತ್ರನಾಳದಲ್ಲಿಡುವ ಸಣ್ಣ ಕೊಳವೆ. ಸ್ಟೆಂಟ್ ಒಳಗಿದ್ದಷ್ಟು ದಿನ ಪ್ರತಿ ಸಲ ಮೂತ್ರಕ್ಕೆ ಹೋಗುವಾಗಲೂ ಹೆದರಿಕೆ. ಕಲ್ಲನ್ನು ಪರೀಕ್ಷೆಗೆ ಕಳಿಸಿದಾಗ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು.

ಈ ಕರುಳಿನ ಲೆಕ್ಕವನ್ನು ಡಾಕ್ಟರು ಆಮೇಲೆ ಚಿತ್ರ ಬರೆದು ತಿಳಿಸಿದರು. ಅವರಿಂದಲೇ ಗೊತ್ತಾದ ಇನ್ನೊಂದು ಸಂಗತಿ: ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು 5 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಎಂದಿನಂತೆ ಇಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ. ಇದು ನನಗೆ ಮೊದಲೇ ತಿಳಿದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಉಪ್ಪಿನ ಮಾತು ಬಂತಲ್ಲ. ಉಪ್ಪು ಜಾಸ್ತಿ ತಿಂದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಬಿಡಬೇಕಾದದ್ದು ಮೊಸರಲ್ಲ, ಮೊಸರಿನ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ.

ಇನ್ನು ನಿಮ್ಮ ಇನ್ನೊಂದು ಪ್ರಶ್ನೆ, ಹರಳು ಯಾಕೆ ಬರುತ್ತದೆ ಎಂದು. ಮುಖ್ಯ ಕಾರಣ ಮೂತ್ರ ಗಟ್ಟಿಯಾಗುವುದು. ಸಕ್ಕರೆ ಪಾಕ ಗಟ್ಟಿಯಾದಾಗ ಅಂಚಿನಲ್ಲಿ ಹರಳು ಕೂರುತ್ತದಲ್ಲ, ಹಾಗೆ. ನಿಮ್ಮದು ಆಕ್ಸಲೇಟ್, ಆದರೆ ಎಲ್ಲರದ್ದೂ ಅದೇ ಇರುವುದಿಲ್ಲ. ಮೂತ್ರ ತೀರಾ ಆಮ್ಲೀಯವಾಗಿದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕೆಳಗಿದ್ದರೆ, ಯೂರಿಕ್ ಆಸಿಡ್ ಹರಳು ಕೂರುತ್ತದೆ. ‘ಟ್ರಿಪಲ್ ಫಾಸ್ಫೇಟ್’ ಎಂದಿದ್ದು ಪಸ್ ಸೆಲ್ಸ್ (ಕೀವಿನ ಕಣ) ಕೂಡ ಜಾಸ್ತಿ ಇದ್ದರೆ ಸೋಂಕಿನ ಅನುಮಾನ, ಕಲ್ಚರ್, ಅಂದರೆ ಯಾವ ರೋಗಾಣು ಎಂದು ನೋಡುವ ಪರೀಕ್ಷೆ, ಮಾಡಿಸಬೇಕು. ‘ಸಿಸ್ಟೀನ್’ ಎಂದಿದ್ದರೆ ಅದು ಹುಟ್ಟಿನಿಂದ ಬರುವ ತೊಂದರೆ, ತಡಮಾಡದೆ ತಜ್ಞರನ್ನು ನೋಡಬೇಕು. ಅಸೈಕ್ಲೋವಿರ್, ಸಲ್ಫಾ ಗುಂಪಿನ ಕೆಲವು ಔಷಧಿಗಳಿಂದಲೂ ಹರಳಾಗುತ್ತದೆ. ಶಕ್ತಿಗೆ ಅಂತ ಸುಮ್ನೆ ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಿ, ಅದರಲ್ಲಿ ಸ್ವಲ್ಪ ಭಾಗ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ.

ಹರಳು ಕಂಡ ಮಾತ್ರಕ್ಕೆ ಕಲ್ಲಿದೆ ಅಂತಲ್ಲ. ಆರೋಗ್ಯವಂತರ ಮೂತ್ರದಲ್ಲೂ ಆಕ್ಸಲೇಟ್ ಹರಳು ಕಾಣುತ್ತದೆ. ಮನೆಯಿಂದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಕೊಟ್ಟಿರಾ? ಸ್ಯಾಂಪಲ್ ಬಹಳ ಹೊತ್ತು ಇಟ್ಟರೆ, ಫ್ರಿಜ್‌ನಲ್ಲಿಟ್ಟರೆ, ದೇಹದೊಳಗೆ ಇಲ್ಲದ ಹರಳು ಡಬ್ಬಿಯಲ್ಲೇ ಮೂಡುತ್ತದೆ. ಹಾಗಾಗಿ ಲ್ಯಾಬ್‌ನಲ್ಲೇ ಇನ್ನೊಮ್ಮೆ ತಾಜಾ ಸ್ಯಾಂಪಲ್ ಕೊಡಿ.

ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿಯಬೇಕಾ ಎಂದೂ ಕೇಳಿದ್ದೀರಿ. ಇಷ್ಟವಿದ್ದರೆ ಕುಡಿಯಿರಿ, ಊಟದ ಪದಾರ್ಥವೇ ತಾನೇ. ಆದರೆ ಅದು ನೀರಿನ ಬದಲಿಗಲ್ಲ. ನಿಂಬೆರಸದ ನೀರು ಒಳ್ಳೆಯದು, ಅದರ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯುತ್ತದೆ. ಅದಕ್ಕೆ ಉಪ್ಪು ಹಾಕಬೇಡಿ. ಪಾಲಕ್ ತಿನ್ನಲೇಬೇಕೆಂದರೆ ಕುದಿಸಿ, ನೀರು ಬಸಿದು ಚೆಲ್ಲಿ, ಮೊಸರಿನ ಜೊತೆ ತಿನ್ನಿ. ಕ್ಯಾಲ್ಸಿಯಂ ಮಾತ್ರೆ ಬೇರೆ ವಿಷಯ, ಅದನ್ನು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ.

ನೀರು ಎಷ್ಟು ಲೋಟ ಅಂತ ಎಣಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿನಲ್ಲಿ ಕುಡಿದದ್ದರಲ್ಲಿ ಎಷ್ಟೋ ಬೆವರಾಗಿ ಹೋಗುತ್ತದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು, ಲೆಕ್ಕ ಅದರದ್ದು. ಒಂದು ದಿನ ರಜೆಯಲ್ಲಿ ಅಳೆದು ನೋಡಿ. ಬಣ್ಣ ತಿಳಿಯಾಗಿರಬೇಕು. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದವರು ಮಾತ್ರ ನೀರಿನ ಪ್ರಮಾಣವನ್ನು ಡಾಕ್ಟರ ಹತ್ತಿರವೇ ಕೇಳಬೇಕು.

ರಿಪೋರ್ಟನ್ನು ಮತ್ತೊಮ್ಮೆ ತೆಗೆದು ‘ಸ್ಪೆಸಿಫಿಕ್ ಗ್ರಾವಿಟಿ’ ಎಷ್ಟಿದೆ ನೋಡಿ, ಮೂತ್ರ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಅಂಕಿ ಅದು. 1.025ರ ಆಸುಪಾಸು ಇದ್ದರೆ ಅವತ್ತು ನಿಮಗೆ ನೀರು ಸಾಲದೆ ಬಂದಿರಬಹುದು. ಆರ್‌ಬಿಸಿ (ಕೆಂಪು ರಕ್ತಕಣ) ಕಂಡಿದ್ದರೆ, ಮನೆಯಲ್ಲಿ ಯಾರಿಗಾದರೂ ಕಲ್ಲಾಗಿದ್ದರೆ ಒಂದು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಸೊಂಟನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.