ಮೈದುಂಬಿದ ಮುದಿ ಕುದುರೆಗೆ ಎಷ್ಟು ಮೇವು?

ಪ್ರಶ್ನೆ: ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು. ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡುವ ನಮ್ಮ ಹೆಣ್ಣು ಕುದುರೆ ರಾಣಿಗೆ ಈಗ ಸುಮಾರು ಇಪ್ಪತ್ತು ವರ್ಷ. ಎರಡು ವರ್ಷದಿಂದ ಕೆಲಸ ಕಡಿಮೆ. ನೆನೆಸಿದ ಹುರುಳಿ, ಬೂಸಾ, ಕಬ್ಬಿನ ಸೋಗೆ ಹಾಕುತ್ತೇವೆ. ಅಪ್ಪ ದಿನವೂ ಬೆಲ್ಲ ತಿನ್ನಿಸುತ್ತಾರೆ. ಮೈ ತುಂಬಿಕೊಂಡಿದೆ. ಕಳೆದ ತಿಂಗಳು ಎರಡು ದಿನ ಮುಂಗಾಲು ಚಾಚಿ, ಹಿಂದಕ್ಕೆ ವಾಲಿ ನಿಂತಿತ್ತು; ಆಮೇಲೆ ಸರಿಹೋಯಿತು. ಗೊರಸಿನ ಮೇಲೆ ಉಂಗುರಗಳಿವೆ ಎಂದು ಲಾಳ ಹೊಡೆಯುವವರು ಹೇಳಿದರು. ತೂಕ ಇಳಿಸಲು ಉಪವಾಸ ಹಾಕಬಹುದೇ? ಈ ಹಂಗಾಮಿನಲ್ಲಿ ಮೆರವಣಿಗೆಗೆ ಕಳುಹಿಸಬಹುದೇ?

ಉತ್ತರ: ಲಾಳ ಹೊಡೆಯುವವರ ಕಣ್ಣಿಗೆ ಮೊದಲು ನಮಸ್ಕಾರ. ಅವರು ತೋರಿಸಿದ ಉಂಗುರಗಳು ಹಿಮ್ಮಡಿಯ ಕಡೆ ಅಗಲವಾಗುತ್ತಾ ಹೋಗಿದ್ದರೆ, ರಾಣಿಗೆ ಲ್ಯಾಮಿನೈಟಿಸ್ ಹಿಂದೆಯೂ ಬಂದು ಹೋಗಿರುವ ಸಾಧ್ಯತೆ ಹೆಚ್ಚು. ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ಇರುವ ಬೆಸುಗೆ ಸಡಿಲವಾಗುವ ರೋಗ ಅದು. ಮುಂಗಾಲು ಚಾಚಿ ನಿಂತದ್ದು ಗೊರಸಿನ ಮುಂಭಾಗದ ನೋವು ತಡೆಯಲಾರದೆ. ನೋವು ಕಡಿಮೆಯಾಯಿತೆಂದರೆ ಬೆಸುಗೆ ಕೂಡಿತೆಂದಲ್ಲ.

ಸಕ್ಕರೆ, ಪಿಷ್ಟ ಹೆಚ್ಚಾದಾಗ ಬೊಜ್ಜಿನ ಕುದುರೆಯ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ; ಆ ಏರಿಕೆಯೊಂದೇ ಈ ಬೆಸುಗೆಯನ್ನು ಕೆಡಿಸಬಲ್ಲದು. ಹಾಗಾಗಿ ಬೆಲ್ಲ, ಬೂಸಾ, ಕಾಕಂಬಿ ಇವತ್ತೇ ನಿಲ್ಲಲಿ. ಹುರುಳಿಯಲ್ಲೂ ಪಿಷ್ಟವಿದೆ, ಸದ್ಯಕ್ಕೆ ಅದೂ ಬೇಡ. ಸೋಗೆಗೆ ಅಂಟಿಕೊಂಡು ಬರುವ ಕಬ್ಬಿನ ತುದಿಯನ್ನಂತೂ ಹತ್ತಿರ ಸುಳಿಯಗೊಡಬೇಡಿ. ನಿಮ್ಮ ತಂದೆಯವರಿಗೆ ಬೇಸರವಾದೀತು. ಬೆಲ್ಲದ ಬದಲು ಕುತ್ತಿಗೆ ತುರಿಸಲಿ, ಕುದುರೆಗೆ ಅದೂ ಇಷ್ಟ. ತುರಿಸುವಾಗ ಜೂಲಿನ ಬುಡ ಹಿಡಿದು ನೋಡಲಿ: ಕೊಬ್ಬು ಗಟ್ಟಿಯಾಗಿ ಏರು ಕಟ್ಟಿದ್ದರೆ ಅದು ಅಪಾಯದ ಗುರುತು.

ಉಪವಾಸ ಮಾತ್ರ ಖಂಡಿತ ಬೇಡ. ಹಸಿದ ಬೊಜ್ಜಿನ ಕುದುರೆಯ ಮೈಕೊಬ್ಬು ಒಮ್ಮೆಲೇ ರಕ್ತಕ್ಕಿಳಿದು ಯಕೃತ್ತನ್ನು ಕೆಡಿಸುತ್ತದೆ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುತ್ತದೆ. ಅಳೆದು ಹಾಕುವುದೇ ದಾರಿ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಹಿಡಿಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋಗಳಲ್ಲಿ ಸಿಗುತ್ತದೆ. ಸುತ್ತಳತೆ 160, ಉದ್ದ 145 ಆದರೆ ಸುಮಾರು 312 ಕೆ.ಜಿ. ಅದರ ನೂರಕ್ಕೆ ಒಂದೂವರೆ ಪಾಲು, ಅಂದರೆ ತೇವ ಬಿಟ್ಟು ಸುಮಾರು 4.7 ಕೆ.ಜಿ. ಒಣ ಹುಲ್ಲು, ದಿನದ ಮೇವು. ಒಣ ಹುಲ್ಲಿನಲ್ಲೂ ಸ್ವಲ್ಪ ತೇವವಿರುವುದರಿಂದ ತಕ್ಕಡಿಯಲ್ಲಿ 5 ಕೆ.ಜಿ.ಗಿಂತ ತುಸು ಹೆಚ್ಚು ಹಿಡಿಯಿರಿ. ಮೂರು ನಾಲ್ಕು ಸಲ ಹಂಚಿ ಹಾಕಿ. ಮೊದಲು ತೂಗಿ, ಆಮೇಲೆ ಒಂದು ಗಂಟೆ ನೀರಿನಲ್ಲಿ ನೆನೆಸಿ. ಸಕ್ಕರೆಯ ಒಂದು ಭಾಗ ನೀರಿಗೆ ಬಿಡುತ್ತದೆ. ಆ ನೀರನ್ನು ಚೆಲ್ಲಿಬಿಡಿ. ನಿಮ್ಮ ಕಡೆಯ ಬಿಸಿಲಿಗೆ ರಾತ್ರಿಯಿಡೀ ನೆನೆಸಿದರೆ ಹುಲ್ಲು ಹುಳಿಯುತ್ತದೆ. ನೆನೆಸುವಾಗ ಖನಿಜವೂ ಹೋಗುವುದರಿಂದ ಕುದುರೆಗೆಂದೇ ಮಾಡಿದ ಖನಿಜ ಮಿಶ್ರಣ ಕೊಡಿ. ಎಮ್ಮೆ-ಹಸುವಿನ ಚೀಲದಿಂದ ಒಂದು ಹಿಡಿಯೂ ಬೇಡ. ಕೆಲವು ಪಶು ಆಹಾರದಲ್ಲಿರುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ.

ಜೋಳದ ಕಣಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ವಯಸ್ಸಿನ ಹಲ್ಲಿಗೆ ಅದು ಒರಟು. ಅಗಿಯದೆ ನುಂಗಿದರೆ ಕರುಳು ಕಟ್ಟೀತು. ಹಲ್ಲು ತೋರಿಸಿದ ಮೇಲೆ ಯೋಚಿಸಿ.

ಇನ್ನೊಂದು ಅನುಮಾನವಿದೆ. ಬೇಸಿಗೆಯಲ್ಲೂ ಉದ್ದ ಕೂದಲು ಉದುರದೆ ಉಳಿದಿದೆಯೇ? ಬೆನ್ನು ಸೊರಗಿ ಹೊಟ್ಟೆ ಜೋತಿದೆಯೇ? ನೀರು ಹೆಚ್ಚು ಕುಡಿಯುತ್ತಿದೆಯೇ? ಹಾಗಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೊಂದರೆಯಿರಬಹುದು. ಹದಿನೈದು ದಾಟಿದ ಕುದುರೆಗಳಲ್ಲಿ ಇದು ಅಪರೂಪವಲ್ಲ. ರಕ್ತದಲ್ಲಿ ಎಸಿಟಿಎಚ್ (ಈ ಗ್ರಂಥಿ ಸ್ರವಿಸುವ ಹಾರ್ಮೋನು), ಇನ್ಸುಲಿನ್ ಎರಡನ್ನೂ ನೋಡಿಸಿ. ಗ್ರಂಥಿಯದೇ ದೋಷವಾದರೆ ಪರ್ಗೋಲೈಡ್ ಎಂಬ ಮಾತ್ರೆಯಿದೆ. ಮೇವು ಇಳಿಸಿದಷ್ಟರಿಂದ ಅದು ಹತೋಟಿಗೆ ಬಾರದು.

ಗೊರಸಿನಿಂದ ತುಸು ಮೇಲಿರುವ ಗಿಣ್ಣಿನ ಹಿಂದೆ ಎರಡೂ ಪಕ್ಕ ಬೆರಳಿಟ್ಟು ನಾಡಿ ನೋಡುವುದನ್ನು ಕಲಿಯಿರಿ. ಆರೋಗ್ಯವಿದ್ದಾಗ ಅದು ಸಿಗುವುದೇ ಕಷ್ಟ. ಜೋರಾಗಿ ಬಡಿದುಕೊಂಡರೆ, ಗೊರಸು ಬಿಸಿಯಾದರೆ, ಆ ಕೂಡಲೇ ಪಶುವೈದ್ಯರನ್ನು ಕರೆಸಿ. ಅವರು ಬರುವವರೆಗೆ ಗೊರಸನ್ನು ಮಂಜುಗಡ್ಡೆಯ ನೀರಿನಲ್ಲಿಡಿ, ಕಾಲ ಕೆಳಗೆ ದಪ್ಪವಾಗಿ ಮರಳು ಹಾಕಿ. ನಡೆಸಿದರೆ ಕಾಲು ಸಡಿಲಾಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಮೆರವಣಿಗೆಗೆ ಈ ಹಂಗಾಮಿನಲ್ಲಿ ಬೇಡ. ಡಾಂಬರು ರಸ್ತೆಯ ಮೇಲೆ, ಬೆನ್ನಿನ ಮೇಲೆ ಮದುಮಗನನ್ನು ಹೊತ್ತು ಕುಣಿಯುವ ಗೊರಸು ಅದಲ್ಲ. ಮುಂಗಡ ಪಡೆದಿದ್ದರೆ ಈಗಲೇ ಹಿಂತಿರುಗಿಸಿ. ಈ ಬಿಡುವಿನಲ್ಲಿ ಗೊರಸಿನ ಒಂದು ಎಕ್ಸ್‌ರೇ ತೆಗೆಸಿ, ಮೂಳೆ ಎಷ್ಟು ವಾಲಿದೆ ಎಂದು ನೋಡಿಸಿ. ಲಾಳದವರು ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸು ಕತ್ತರಿಸುವಾಗ ಆ ಚಿತ್ರ ಅವರ ಕೈಯಲ್ಲಿರಲಿ.